ಮಣ್ಣಿನ ಮಾದರಿಗಳ ಹೋಲಿಕೆ: ಮಿತಿಯ ವಿಧಾನವೋ, ಸಂಭಾವ್ಯತೆಯ ಅನುಪಾತವೋ?

ಆರೋಪಿಯ ಚಪ್ಪಲಿಗೆ ಅಂಟಿದ ಮಣ್ಣು ಮತ್ತು ಘಟನಾ ಸ್ಥಳದ ಮಣ್ಣು, ಇವೆರಡರ ಅಳತೆಗಳನ್ನು (ಅವುಗಳಲ್ಲಿರುವ ಕಬ್ಬಿಣದಂಥ ಧಾತುಗಳ ಪ್ರಮಾಣವನ್ನು) ಹೋಲಿಸಲು ಎರಡು ದಾರಿಗಳಿವೆ. ಬಳ್ಳಾರಿಯ ನ್ಯಾಯಾಲಯದಲ್ಲಿ ಇಂಥ ವರದಿಯನ್ನು ಓದಬೇಕಾದ ವಕೀಲರು ಇವುಗಳ ವ್ಯತ್ಯಾಸವನ್ನು ಅರಿತಿರಬೇಕು.

ಮಿತಿಯ ವಿಧಾನದಲ್ಲಿ ಒಂದು ಮಾದರಿಯನ್ನು ಹಲವು ಬಾರಿ ಅಳೆದು, ಇನ್ನೊಂದರ ಮೌಲ್ಯವು ಅದರ ಸರಾಸರಿಯಿಂದ ಎರಡು ಅಥವಾ ಮೂರು ಮಾನಕ ವಿಚಲನೆಗಳೊಳಗೆ (ಮಾನಕ ವಿಚಲನೆ ಎಂದರೆ ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಮಾಪನ) ಬಿದ್ದರೆ ‘ಹೊಂದುತ್ತದೆ’ ಎನ್ನುತ್ತಾರೆ. ಲೆಕ್ಕವೇನೋ ಸರಳ. ಆದರೆ ಪರಸ್ಪರ ಸಂಬಂಧವಿಲ್ಲದ ಹತ್ತು ಧಾತುಗಳನ್ನು ತಲಾ ಶೇ 95ರ ಮಿತಿಯಲ್ಲಿ (ಒಂದೇ ಮೂಲದ ಮಣ್ಣು ನೂರಕ್ಕೆ 95 ಸಲ ಒಳಗೆ ಬೀಳುವ, ಸುಮಾರು ಎರಡು ಮಾನಕ ವಿಚಲನೆಗಳ ಮಿತಿ) ಪರೀಕ್ಷಿಸಿದರೆ, ಒಂದೇ ಮೂಲದ ಮಣ್ಣು ಕೂಡ ಸುಮಾರು ಶೇ 40ರಷ್ಟು ಸಲ ಯಾವುದಾದರೂ ಒಂದು ಧಾತುವಿನಲ್ಲಿ ಮಿತಿ ದಾಟುತ್ತದೆ.

ಸಂಭಾವ್ಯತೆಯ ಅನುಪಾತ ಬೇರೆಯೇ ಪ್ರಶ್ನೆ ಕೇಳುತ್ತದೆ: ಎರಡೂ ಒಂದೇ ಜಾಗದ್ದಾಗಿದ್ದರೆ ಈ ಅಳತೆಗಳು ಬರುವ ಸಾಧ್ಯತೆಯು, ಬೇರೆ ಬೇರೆ ಜಾಗದ್ದಾಗಿದ್ದರೆ ಬರುವ ಸಾಧ್ಯತೆಯ ಎಷ್ಟು ಪಟ್ಟು? ಗಾಜಿನ ಚೂರುಗಳ ವಕ್ರೀಭವನಾಂಕಕ್ಕೆ (ಬೆಳಕು ಗಾಜಿನೊಳಗೆ ಎಷ್ಟು ಬಾಗುತ್ತದೆಂಬುದರ ಅಳತೆಗೆ) ಸಂಖ್ಯಾಶಾಸ್ತ್ರಜ್ಞ ಡೆನಿಸ್ ಲಿಂಡ್ಲಿ 1977ರಲ್ಲಿ ಅನ್ವಯಿಸಿದ್ದು ಇದೇ ತರ್ಕವನ್ನು. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ನಿಂತವರ ಪ್ಯಾಂಟಿನ ಅಂಚಿಗೂ ಕಬ್ಬಿಣದ ಅದಿರಾದ ಹೆಮಟೈಟಿನ ಕೆಂಪು ದೂಳು ಮೆತ್ತುತ್ತದೆ. ಅಲ್ಲಿ ಕಬ್ಬಿಣದ ಅಂಶ ಹೊಂದಿತೆಂಬ ಮಾತಿಗೆ ತೂಕ ಕಡಿಮೆ. ಅದೇ ದೂಳು ಸಿರುಗುಪ್ಪದ ಕಪ್ಪು ಮಣ್ಣಿನ ಗದ್ದೆಯಲ್ಲಿ ಸಿಕ್ಕರೆ ತೂಕ ಹೆಚ್ಚು. ಮಿತಿಯ ವಿಧಾನಕ್ಕೆ ಈ ಭೇದ ಕಾಣುವುದೇ ಇಲ್ಲ.

ಆದ್ದರಿಂದ ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಅದಕ್ಕೆ ಸುತ್ತಲಿನ ಊರುಗಳ ಮಣ್ಣಿನ ಅಳತೆಗಳ ಸಂಗ್ರಹ ಬೇಕೇ ಬೇಕು. ಅದಿಲ್ಲದಿದ್ದಲ್ಲಿ ಮಿತಿಯ ವಿಧಾನವನ್ನು ಮೊದಲ ಜರಡಿಯಾಗಿ ಮಾತ್ರ ಬಳಸಿ, ‘ಹೊಂದುತ್ತದೆ’ ಎಂದರೆ ‘ಅಲ್ಲಿಯದೇ’ ಎಂದರ್ಥವಲ್ಲವೆಂದು ವರದಿಯಲ್ಲೇ ಸ್ಪಷ್ಟವಾಗಿ ಬರೆಯಬೇಕು.