ಆವರ್ತನ ಬದಲಿಸುವ ಮೈಕ್ರೋವೇವ್ ಓವನ್: ಎಪಾಕ್ಸಿ ಕೆಲಸಕ್ಕೆ ಹೇಗಿದೆ?

ಅಡುಗೆಮನೆಯ ಮೈಕ್ರೋವೇವ್ 2.45 ಗಿಗಾಹರ್ಟ್ಸ್ ಬಿಟ್ಟು ಕದಲುವುದಿಲ್ಲ. ಹಾಗಾಗಿ ಒಳಗೆ ನಿಂತಲೆಗಳು (ಜಾಗ ಬಿಟ್ಟು ಕದಲದ ಅಲೆಗಳು) ಎದ್ದು ಒಂದು ಕಡೆ ಸುಟ್ಟರೆ ಪಕ್ಕದಲ್ಲೇ ತಣ್ಣಗಿರುತ್ತದೆ. ಲೋಹ ಇಟ್ಟರಂತೂ ಕಿಡಿ. ಆವರ್ತನ ಬದಲಿಸುವ ಓವನ್ ಹಾಗಲ್ಲ, ಸಾಮಾನ್ಯವಾಗಿ 5.8ರಿಂದ 7 ಗಿಗಾಹರ್ಟ್ಸ್ ನಡುವೆ 4096 ಆವರ್ತನಗಳನ್ನು ಸುತ್ತುತ್ತದೆ. ಒಂದೊಂದರಲ್ಲಿ ನಿಲ್ಲುವುದು ಬರೀ 25 ಮೈಕ್ರೋಸೆಕೆಂಡ್, ಪೂರ್ತಿ ಸುತ್ತಿಗೆ ಸುಮಾರು 0.1 ಸೆಕೆಂಡ್. ಹಾಗಾಗಿ ಒಳಗಿರುವ ಲೋಹದ ತಂತಿಯ ತುದಿಯಲ್ಲಿ ಕಿಡಿ ಹಾರುವಷ್ಟು ಚಾರ್ಜ್ ಕೂಡುವಷ್ಟರಲ್ಲಿ ಆವರ್ತನ ಬದಲಾಗಿರುತ್ತದೆ. ಚಿಪ್ ಕೂರಿಸಿದ ಬೋರ್ಡನ್ನು ಧೈರ್ಯವಾಗಿ ಒಳಗಿಡಬಹುದು.

ನಿಜವಾದ ಲಾಭ ಆಯ್ದು ಬಿಸಿಮಾಡುವುದರಲ್ಲಿದೆ. ಹಸಿ ಎಪಾಕ್ಸಿ, ಅಂದರೆ ಇನ್ನೂ ಗಟ್ಟಿಯಾಗದ ರಾಳದ ಅಂಟು, ಮೈಕ್ರೋವೇವ್ ಶಕ್ತಿಯನ್ನು ಚೆನ್ನಾಗಿ ಹೀರುತ್ತದೆ. ಟೆಫ್ಲಾನ್, ಕ್ವಾರ್ಟ್ಜ್ ಹೆಚ್ಚುಕಡಿಮೆ ಹೀರುವುದೇ ಇಲ್ಲ. ತುಂಡುಗಳನ್ನು ಹಿಡಿದಿಡುವ ಹಿಡಿಕೆಗಳನ್ನು ಇವುಗಳಿಂದಲೇ ಮಾಡಿಸಿ. ನೈಲಾನ್ ಹಿಡಿಕೆ ತೇವ ಹೀರಿಕೊಂಡು ತಾನೇ ಬಿಸಿಯಾದೀತು.

ಉಷ್ಣತೆ ಅಳೆಯುವಲ್ಲಿ ಹೆಚ್ಚಿನವರು ಎಡವುತ್ತಾರೆ. ಥರ್ಮೋಕಪಲ್ ಎಂಬ ಉಷ್ಣತೆ ಅಳೆಯುವ ಸಾಧನದ ಲೋಹದ ತಂತಿ ಆಂಟೆನಾದಂತೆ ವರ್ತಿಸಿ ಸುಳ್ಳು ಅಂಕಿ ಕೊಡುತ್ತದೆ. ಬೆಳಕಿನಿಂದ ಅಳೆಯುವ, ಲೋಹವಿಲ್ಲದ ಫೈಬರ್ ಆಪ್ಟಿಕ್ ಪ್ರೋಬ್ ಬಳಸಿ, ಅದರ ತುದಿ ಅಂಟಿನ ಪಕ್ಕಕ್ಕೇ ತಾಗುವಂತಿರಲಿ. ಇನ್‌ಫ್ರಾರೆಡ್ ಸೆನ್ಸರ್ ಮೇಲ್ಮೈಯನ್ನಷ್ಟೇ ನೋಡುತ್ತದೆ. ಒಳಗಿನ ಅಂಟು ಅದಕ್ಕಿಂತ ಬಿಸಿಯಿರಬಹುದು. ಮೊದಲ ಪ್ರಯೋಗದಲ್ಲಿ ಏರಿಕೆ ಸೆಕೆಂಡಿಗೆ 0.5 ಡಿಗ್ರಿ ಸಾಕು. ಆತುರಪಟ್ಟರೆ ತೇವ ಆವಿಯಾಗಿ ಹೊರಬರುವ ಮುನ್ನವೇ ಮೇಲ್ಪದರ ಗಟ್ಟಿಯಾಗಿ ಗುಳ್ಳೆ ಉಳಿಯುತ್ತದೆ.

ಒಂದೇ ಪುಟ್ಟ ಚಿಪ್ ಇಟ್ಟರೆ ಹೀರುವವರಿಲ್ಲದೆ ಹೆಚ್ಚಿನ ಶಕ್ತಿ ಮರಳಿ ಬರುತ್ತದೆ, ಏರಿಕೆ ನಿಧಾನ. ನಾಲ್ಕಾರು ತುಂಡು ಒಟ್ಟಿಗಿಡುವುದು ವಾಸಿ. ಈ ಓವನ್‌ಗೆ ಶಕ್ತಿ ಒದಗಿಸುವ ಆಂಪ್ಲಿಫಯರ್, ಅಡುಗೆಮನೆಯ ಓವನ್‌ನಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗಿಂತ ಬಹಳ ದುಬಾರಿ. ಬರೀ ಅಂಟು ಒಣಗಿಸುವ, ಶಾಖಕ್ಕೆ ಅಂಜದ ಕೆಲಸವಾದರೆ ಬಿಸಿಗಾಳಿಯ ಓವನ್ನೇ ಸಾಕು.