ಹೀಟ್ ಪಂಪ್ ಜೊತೆ ನಾಲ್ಕು ಚಳಿಗಾಲ: ಮೆಷಿನ್‌ಗೆ ಪೂರ್ತಿ ಅಂಕ, ನೀರಿನ ದಾರಿಗೆ ಇಲ್ಲ

ಕೆನಡಾದ ಹ್ಯಾಲಿಫ್ಯಾಕ್ಸ್‌ನ ನಮ್ಮ ಮನೆಗೆ 2021ರ ಅಕ್ಟೋಬರ್‌ನಲ್ಲಿ ಮಿನಿ ಸ್ಪ್ಲಿಟ್ ಹೀಟ್ ಪಂಪ್ ಹಾಕಿಸಿದೆವು. ಇದು ಸ್ಪ್ಲಿಟ್ ಎಸಿಯಂಥದ್ದೇ ಮೆಷಿನ್, ಚಳಿಗಾಲದಲ್ಲಿ ಉಲ್ಟಾ ಕೆಲಸ ಮಾಡಿ ಮನೆ ಬಿಸಿ ಮಾಡುತ್ತದೆ. ಹೊರಗೆ ಒಂದು ಯೂನಿಟ್, ಒಳಗೆ ಎರಡು. ಅದಕ್ಕೂ ಮೊದಲು, ಈ ಕಡೆ ಬಹಳ ಮನೆಗಳಲ್ಲಿ ಇರುವ ಹಾಗೆ, ಎಣ್ಣೆ ಉರಿಸಿ ಮನೆ ಬಿಸಿ ಮಾಡುವ ಫರ್ನೇಸ್ ಇತ್ತು. ಬಿಸಿಯ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ಮೈನಸ್ 15ರಲ್ಲೂ ಮನೆ ಬೆಚ್ಚಗಿರುತ್ತದೆ, ಸದ್ದು ಕಡಿಮೆ, ಎಣ್ಣೆ ಟ್ಯಾಂಕ್ ತುಂಬಿಸುವ ಖರ್ಚು ಬಹುಪಾಲು ನಿಂತಿದೆ. ತೀರಾ ಕೊರೆಯುವ ರಾತ್ರಿ ಮಾತ್ರ ಹಳೆ ಫರ್ನೇಸ್ ಹಚ್ಚುತ್ತೇವೆ.

ಬರೆಯಬೇಕಾದ್ದು ನೀರಿನ ಬಗ್ಗೆ. ಕೊಳ್ಳುವಾಗ ಇದನ್ನು ಯಾರೂ ನಮಗೆ ಹೇಳಲಿಲ್ಲ.

ಚಳಿಗಾಲದಲ್ಲಿ ಹೊರಗಿನ ಯೂನಿಟ್ ಗಾಳಿಯಿಂದ ಶಾಖ ಎಳೆಯುವಾಗ ಅದರ ಕಾಯಿಲ್ (ಪೈಪಿನ ಸುರುಳಿ) ಮೇಲೆ ಹಿಮ ಕೂರುತ್ತದೆ. ಆಗಾಗ ಮೆಷಿನ್ ಕೆಲವು ನಿಮಿಷ ಉಲ್ಟಾ ಓಡಿ ಆ ಹಿಮ ಕರಗಿಸುತ್ತದೆ. ಫ್ಯಾನ್ ನಿಲ್ಲುತ್ತದೆ, ಬಿಳಿ ಹಬೆ ಏಳುತ್ತದೆ, ಕೆಳಗಿನಿಂದ ನೀರು ಸುರಿಯುತ್ತದೆ. ಇದೇ ಡಿಫ್ರಾಸ್ಟ್. ಒಣ ಚಳಿಯಲ್ಲಿ ಇದು ಕಡಿಮೆ. ಸೊನ್ನೆಯ ಆಸುಪಾಸಿನ ಒದ್ದೆ ಚಳಿಯಲ್ಲಿ ಜಾಸ್ತಿ. ಸಮುದ್ರದ ಪಕ್ಕದ ನಮ್ಮ ಊರಿನಲ್ಲಿ ಅಂಥ ದಿನಗಳಿಗೆ ಬರವಿಲ್ಲ.

ನಮ್ಮ ಯೂನಿಟ್ಟನ್ನು ಬ್ರಾಕೆಟ್ ಹಾಕಿ ಗೋಡೆಗೇ ಕೂರಿಸಿದ್ದರು. ಹಾಗಾಗಿ ಬಿದ್ದ ನೀರೆಲ್ಲ ಪಾಯದ ಬುಡಕ್ಕೇ. ಮೊದಲ ಜನವರಿಯಲ್ಲೇ ಹಿಂಬಾಗಿಲ ದಾರಿಯಲ್ಲಿ ಅಂಗೈ ದಪ್ಪದ ಮಂಜುಗಡ್ಡೆ ಕಟ್ಟಿತು. ಒಂದು ಬೆಳಗ್ಗೆ ಯೂನಿಟ್ಟಿನಿಂದ ಕಟಕಟ ಸದ್ದು. ಬಗ್ಗಿ ನೋಡಿದರೆ ತಳದ ತಟ್ಟೆಯಲ್ಲಿ ಗಡ್ಡೆ ಬೆಳೆದು ಫ್ಯಾನಿನ ರೆಕ್ಕೆಗೆ ತಾಗುತ್ತಿತ್ತು. ತಟ್ಟೆಯ ತೂತಿಗೆ ಒಂದು ಮೊಣಕೈ ಪೈಪ್ ಸಿಕ್ಕಿಸಿ, ಉಳಿದ ತೂತುಗಳನ್ನು ಮುಚ್ಚಿಬಿಟ್ಟಿದ್ದರು. ಆ ಪೈಪೊಳಗೇ ನೀರು ಹೆಪ್ಪುಗಟ್ಟಿತ್ತು. ಚಳಿ ಪ್ರದೇಶದಲ್ಲಿ ಅದನ್ನು ಹಾಕಬೇಡಿ ಅಂತ ಮೆಷಿನ್ ಜೊತೆ ಬಂದ ಪುಸ್ತಕದಲ್ಲೇ ಇದೆ! ಪೈಪ್ ಕಿತ್ತು ತೂತುಗಳನ್ನು ತೆರೆಸಿದ ಮೇಲೆ ಆ ಸದ್ದು ಮತ್ತೆ ಬಂದಿಲ್ಲ.

ಮಾರ್ಚ್‌ನಲ್ಲಿ ಹಿಮ ಕರಗಿದಾಗ ನಿಜವಾದ ತೊಂದರೆ ಕಂಡಿತು. ಬೇಸ್‌ಮೆಂಟಿನಲ್ಲಿ, ಸರಿಯಾಗಿ ಯೂನಿಟ್ ಇರುವ ಮೂಲೆಯಲ್ಲೇ, ಗೋಡೆಗೆ ಬಿಳಿ ಉಪ್ಪು ಮೂಡಿತ್ತು. ಅಮ್ಮ ತೀರ್ಥಹಳ್ಳಿಯಿಂದ ಕಳಿಸಿದ್ದ ಸಾಮಾನಿನ ರಟ್ಟಿನ ಪೆಟ್ಟಿಗೆ ಎತ್ತಿದರೆ ತಳ ಕೈಗೆ ಬಂತು. ಅಳವಡಿಸಿದವರಿಗೆ ಫೋನ್ ಮಾಡಿದೆ. "ಸುಮ್ನೆ ನೀರು ಅಷ್ಟೇ, ಎಲ್ಲರ ಮನೆಯಲ್ಲೂ ಬೀಳುತ್ತೆ" ಎಂಬ ಉತ್ತರ ಬಂತು. ನನಗೆ ಬಹಳ ಬೇಸರವಾಯಿತು. ಪಾಯದ ಬುಡದಲ್ಲಿ ದಿನಾ ನಿಲ್ಲುವ ನೀರು ಸುಮ್ನೆ ನೀರಲ್ಲ.

ಆ ಮೇ ತಿಂಗಳಲ್ಲಿ ಯೂನಿಟ್ ಕೆಳಗೆ ಗುಂಡಿ ತೋಡಿ ಜಲ್ಲಿ ತುಂಬಿಸಿದೆ. ಇದು ತಪ್ಪಾಯಿತು. ನೀವು ಇದನ್ನು ಮಾಡಬೇಡಿ. ಜಲ್ಲಿಯಲ್ಲಿ ಮೇಲೆ ನೀರು ಕಾಣುವುದಿಲ್ಲ, ನಿಜ. ಆದರೆ ಅದು ಗೋಡೆಯ ಪಕ್ಕದಲ್ಲೇ ನೆಟ್ಟಗೆ ಕೆಳಗಿಳಿಯುತ್ತದೆ. ಬೇಸ್‌ಮೆಂಟಿಗೆ ನಾವೇ ಬಾವಿ ತೋಡಿಕೊಟ್ಟ ಹಾಗೆ. ಮುಂದಿನ ಮಾರ್ಚ್‌ನಲ್ಲಿ ಮೂಲೆ ಮತ್ತೆ ಒದ್ದೆ.

2023ರ ಜೂನ್‌ನಲ್ಲಿ ಜಲ್ಲಿಯನ್ನೆಲ್ಲ ತೆಗೆದೆ. ಜೇಡಿಮಣ್ಣು ಹಾಕಿ, ಗಟ್ಟಿಯಾಗಿ ಧಮ್ಮಸ್ಸು ಮಾಡಿ, ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟೆ. ಹತ್ತು ಅಡಿಗೆ ಆರು ಇಂಚು ಇಳಿಯಬೇಕು, ಇದು ಕಟ್ಟಡದವರ ಮಾಮೂಲಿ ಲೆಕ್ಕ. ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಲ್ಲಿ. ಹಾಳೆಯ ಗೋಡೆ ಕಡೆಯ ಅಂಚನ್ನು ನಾಲ್ಕು ಇಂಚು ಮೇಲಕ್ಕೆ ಮಡಚಿ ಅಂಟಿಸಿದೆ. ಈಗ ನೀರು ಜಲ್ಲಿಯೊಳಗೆ ಇಳಿದರೂ ಹಾಳೆಯ ಮೇಲೆ ಜಾರಿ ಹುಲ್ಲಿನ ಕಡೆ ಹೋಗುತ್ತದೆ. ಮುಂದಿನ ತಿಂಗಳೇ ಪರೀಕ್ಷೆ ಬಂತು. ಜುಲೈ 21ರ ಆ ಮಳೆ ಇಲ್ಲಿದ್ದವರಿಗೆ ನೆನಪಿರುತ್ತದೆ, ಸುತ್ತಮುತ್ತ ಕೆಲವು ಕಡೆ 200 ಮಿಲಿಮೀಟರ್ ದಾಟಿತ್ತು. ರಾತ್ರಿ ಟಾರ್ಚ್ ಹಿಡಿದು ಮೂರು ಸಲ ಬೇಸ್‌ಮೆಂಟಿಗೆ ಇಳಿದು ನೋಡಿದೆ. ಆ ಮೂಲೆ ಒಣಗಿತ್ತು.

ಬೇಸಿಗೆಯಲ್ಲಿ ಎಸಿ ಥರ ಓಡಿಸಿದಾಗ ನೀರು ಬರುವುದು ಒಳಗಿನ ಯೂನಿಟ್‌ಗಳಿಂದ. ಒಂದು ಜಿಗುಟು ದಿನ, ಆ ನೀರು ಹೊರಗೆ ಬೀಳುವ ಪೈಪಿನ ಕೆಳಗೆ 20 ಲೀಟರ್ ಬಕೆಟ್ ಇಟ್ಟೆ. ಬೆಳಗ್ಗೆ ಎಂಟಕ್ಕೆ ಇಟ್ಟದ್ದು ಸಂಜೆ ಆರಕ್ಕೆ ಹತ್ತಿರ ಹತ್ತಿರ ಮುಕ್ಕಾಲು ತುಂಬಿತ್ತು. ಇಷ್ಟು ನೀರು ದಿನಾ ಒಂದೇ ಜಾಗಕ್ಕೆ ಬಿದ್ದರೆ ಹೇಗೆ ಅಲ್ವಾ? ಈಗ ಪೈಪನ್ನು ಹೂವಿನ ಪಾತಿ ದಾಟಿಸಿದ್ದೇನೆ. ಉದ್ದಕ್ಕೂ ಇಳಿಜಾರು ಇರಬೇಕು, ತುದಿ ನೀರಿನಲ್ಲಿ ಮುಳುಗಿರಬಾರದು. ಇಲ್ಲದಿದ್ದರೆ ನೀರು ಹಿಂದೆ ನಿಂತು ಒಳಗಿನ ಗೋಡೆ ಮೇಲೆ ಇಳಿಯುತ್ತದೆ.

ಹೊಸದಾಗಿ ಹಾಕಿಸುವವರು ಬೆಲೆ ಮಾತಾಡುವ ಮೊದಲು ಜಾಗ ತೋರಿಸಿ ಕೇಳಿ: ಡಿಫ್ರಾಸ್ಟ್ ನೀರು ಎಲ್ಲಿ ಬೀಳುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ? ಓಡಾಡುವ ದಾರಿ ಪಕ್ಕ ಬೇಡ. ಸೂರಿನ ನೀರು ಯೂನಿಟ್ ಮೇಲೆ ಬೀಳುವ ಜಾಗವೂ ಬೇಡ. ಗೋಡೆಗಿಂತ ನೆಲದ ಮೇಲೆ, ಎತ್ತರದ ಸ್ಟ್ಯಾಂಡಿನಲ್ಲಿ, ಸ್ವಲ್ಪ ಆಚೆಗೆ ಕೂರಿಸಿದರೆ ನನ್ನ ಮಟ್ಟಿಗೆ ಒಳ್ಳೆಯದು. ಆಮೇಲೆ ಜರುಗಿಸಬೇಕೆಂದರೆ ಗ್ಯಾಸ್ ತೆಗೆದು ಪೈಪ್ ಬಿಚ್ಚಬೇಕು, ಅದು ದೊಡ್ಡ ಖರ್ಚು. ನಾನು ಜರುಗಿಸದೆ ಮಣ್ಣಿನ ಕೆಲಸ ಮಾಡಿದ್ದು ಅದಕ್ಕೇ.

ಹಿಂಬಾಗಿಲ ದಾರಿಗೆ ಚಳಿಗಾಲದಲ್ಲಿ ಈಗಲೂ ಉಪ್ಪು ಎರಚುತ್ತೇನೆ. ಬೇಸ್‌ಮೆಂಟಿನ ಆ ಮೂಲೆಯಲ್ಲಿ ಈ ಮಾರ್ಚ್‌ನಲ್ಲಿ ಹಳೆ ಪೇಪರ್ ಹಾಸಿಟ್ಟಿದ್ದೆ. ತಿಂಗಳ ಕೊನೆಗೆ ಎತ್ತಿದಾಗ ಗರಿಗರಿಯಾಗಿಯೇ ಇತ್ತು.