ಮುಂಗಡ ವಾಪಸ್ ಕೊಟ್ಟು ಸಹಿ ಕೇಳಿದರೆ ಹಾಕಬೇಡಿ

ಬೆಳಗಾವಿಯಲ್ಲಿ ಮದುವೆ, ಕುಬಸ, ತೊಟ್ಟಿಲು ಅಂತ ಹಾಲ್ ಹಿಡಿಯುವವರು ಇದನ್ನು ಓದಿ. ಮನೆಯಲ್ಲಿ ಟ್ರಾನ್ಸ್ ಮಕ್ಕಳೋ, ಅಕ್ಕ-ತಂಗಿಯರೋ ಇದ್ದರೆ ಪೂರ್ತಿ ಓದಿ. ನಮಗೆ ಆದದ್ದು ನಿಮಗೆ ಆಗಬಾರದು.

ನನ್ನ ತಂಗಿ ಟ್ರಾನ್ಸ್ ಮಹಿಳೆ. ವಡಗಾವಿಯಲ್ಲಿ ನಮ್ಮ ಓಣಿಯಲ್ಲೇ ಇರುತ್ತಾಳೆ. ನಸುಕಿನಲ್ಲಿ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ನನ್ನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಆ ಮಗಳು ಬಸುರಾಗಿ ಏಳು ತಿಂಗಳು ತುಂಬಿದಾಗ, "ಅಕ್ಕಾ, ಕುಬಸದ ಖರ್ಚೆಲ್ಲ ನಂದು. ನೀವ್ಯಾರೂ ಕೈ ಹಚ್ಚಬ್ಯಾಡ್ರಿ" ಅಂದಳು. ತಾನೇ ಫೋನ್ ಮಾಡಿ ಒಂದು ಸಣ್ಣ ಹಾಲ್ ಬುಕ್ ಮಾಡಿದಳು. ಹತ್ತು ಸಾವಿರ ರೂಪಾಯಿ ಮುಂಗಡ ಫೋನ್‌ಪೇಯಲ್ಲಿ ಹೋಯಿತು. ಅವಳ ಹೆಸರಿನ ರಸೀದಿಯೂ ಬಂತು.

ಕಾರ್ಯಕ್ಕೆ ಎಂಟು ದಿನ ಇರುವಾಗ ಅಡುಗೆಮನೆ, ನೀರಿನ ವ್ಯವಸ್ಥೆ ನೋಡಿ ಬರೋಣ ಅಂತ ಇಬ್ಬರೂ ಹೋದೆವು. ಮಾಲೀಕರು ತಂಗಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಅಲ್ಲಿಂದ ಮಾತೆಲ್ಲ ನನ್ನ ಜೊತೆಗೇ.

"ಅಕ್ಕಾರ, ಬುಕಿಂಗ್ ಇವರ ಹೆಸರಿಲೆ ಐತೇನ್ರಿ?"

"ಹೌದ್ರಿ, ನನ್ನ ತಂಗಿ."

"ತಪ್ಪ ತಿಳ್ಕೋಬ್ಯಾಡ್ರಿ. ನಾವು ದೇವರು-ಧರ್ಮ ಅಂತ ನಡಕೊಳ್ಳೋ ಮಂದಿ. ಇಂಥವರಿಗೆ ಹಾಲ್ ಕೊಡೂದು ನಮಗ ಸರಿ ಬರೂದಿಲ್ಲ. ನಿಮ್ಮ ಹೆಸರಿಲೆ ತಗೊಂಡು, ಅವತ್ತ ಇವರನ್ನ ಮನ್ಯಾಗ ಬಿಟ್ಟು ಬರ್ರಿ. ನಂದೇನೂ ತಕರಾರಿಲ್ಲ."

ಅವರು ಯಾವ ಧರ್ಮದವರು ಅಂತ ನಾನು ಬರೆಯುವುದಿಲ್ಲ. ಈ ಮಾತು ಯಾವ ಧರ್ಮದವರ ಬಾಯಲ್ಲಾದರೂ ಬರಬಹುದು.

ಬೈದಿದ್ದರೆ ನಾವೂ ಜಗಳಕ್ಕೆ ನಿಲ್ಲುತ್ತಿದ್ದೆವೇನೋ. ಅವರು ದನಿ ಏರಿಸಲೇ ಇಲ್ಲ. ಹುಡುಗನಿಗೆ ಹೇಳಿ ಚಹಾ ತರಿಸಿದರು. ಡ್ರಾದಿಂದ ಐನೂರರ ಇಪ್ಪತ್ತು ನೋಟು ಎಣಿಸಿ ಟೇಬಲ್ ಮೇಲಿಟ್ಟರು. ರಸೀದಿ ಪುಸ್ತಕ ತೆಗೆದು ಒಂದು ಸಾಲು ಬರೆದು ತಂಗಿಯ ಮುಂದೆ ತಿರುಗಿಸಿದರು. ದಾರ ಕಟ್ಟಿದ ಪೆನ್ನೂ ಕೊಟ್ಟರು. ಅವಳ ಬೆರಳ ತುದಿಯಲ್ಲಿ ಹಂಚಿನ ಸುಟ್ಟ ಗಾಯದ ಕಲೆಗಳಿವೆ. ಆ ಬೆರಳು ನಡುಗುವುದನ್ನು ನೋಡುತ್ತಾ ನಾನು ಸುಮ್ನೆ ಕೂತಿದ್ದೆ. ಸಹಿ ಹಾಕಿದಳು, ಎದ್ದು ಬಂದೆವು. ಮನೆಗೆ ಬಂದ ಮೇಲೆ ಕಾರ್ಬನ್ ಪ್ರತಿ ಓದಿದೆ. "ಸ್ವಂತ ಕಾರಣಕ್ಕೆ ರದ್ದು. ಹಣ ಪೂರ್ತಿ ಮುಟ್ಟಿದೆ."

ಮರುದಿನ ಚನ್ನಮ್ಮ ಸರ್ಕಲ್ ಹತ್ತಿರ ಕೋರ್ಟಿಗೆ ಹೋಗಿ ಪರಿಚಯದ ವಕೀಲರಿಗೆ ಅದನ್ನು ತೋರಿಸಿದೆವು. ಅವರು ಎರಡು ಸಲ ಓದಿ, "ಈ ಚೀಟಿ ಪ್ರಕಾರ ಹಾಲ್ ಬ್ಯಾಡ ಅಂದವರು ನೀವೇ ಅಲ್ರೀ" ಅಂದರು. ಹಾಲ್ ಹೆಸರು ನಾನಿಲ್ಲಿ ಬರೆಯದಿರುವುದೂ ಅದಕ್ಕೇ. ನಮ್ಮ ಕೈಯಲ್ಲಿ ಕಾಗದವಿಲ್ಲ, ಅವರ ಕೈಯಲ್ಲಿದೆ.

ಕಾನೂನು ನಮ್ಮ ಕಡೆ ಇರಲಿಲ್ಲ ಅಂತಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ 2019ರಲ್ಲಿ ಬಂತು, 2020ರ ಜನವರಿ 10ರಿಂದ ಜಾರಿಯಾಯಿತು. ಜನರಿಗೆಂದು ತೆರೆದಿಟ್ಟ ಸರಕು, ಸೇವೆ, ಸೌಲಭ್ಯ ಯಾವುದನ್ನೂ ಟ್ರಾನ್ಸ್ ಅನ್ನುವ ಕಾರಣಕ್ಕೆ ಕೊಡದೇ ಇರುವಂತಿಲ್ಲ ಅಂತ ಅದರ 3ನೇ ಸೆಕ್ಷನ್ ಹೇಳುತ್ತದೆ. "ನನ್ನ ಧರ್ಮಕ್ಕೆ ಆಗಿಬರಲ್ಲ" ಅನ್ನುವವರಿಗೆ ಆ ಸೆಕ್ಷನ್‌ನಲ್ಲಿ ವಿನಾಯಿತಿ ಇಲ್ಲ. ಸಾರ್ವಜನಿಕ ಸ್ಥಳ ಬಳಸದಂತೆ ತಡೆದರೆ 18ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಎರಡು ವರ್ಷ ಜೈಲು, ಜೊತೆಗೆ ದಂಡ. ಬಾಡಿಗೆ ಹಾಲ್ ಸಾರ್ವಜನಿಕ ಸ್ಥಳ ಹೌದೋ ಅಲ್ಲವೋ ಅಂತ ಮಾತ್ರ ವಾದ ಮಾಡಬೇಕಾಗುತ್ತದೆ ಅಂದರು ವಕೀಲರು. ಮುಂಗಡ ತೆಗೆದುಕೊಂಡು ಸೇವೆ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಾಗದವನ್ನೇ.

ಗೇ, ಲೆಸ್ಬಿಯನ್ ಗೆಳೆಯರಿಗೆ ಈ ಆಸರೆಯೂ ಕಡಿಮೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅವರ ಪ್ರೀತಿ ಅಪರಾಧವಲ್ಲ ಅಂದಿತು. ಆದರೆ 2019ರ ಕಾಯ್ದೆ ಅವರ ಬಗ್ಗೆ ಮಾತಾಡುವುದಿಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲಿಗೆ ಬರುವವರನ್ನು ಲಿಂಗದ ಕಾರಣಕ್ಕೆ ತಡೆಯಬಾರದು ಅಂತಿದೆ. ಅದನ್ನು ಹಿಡಿದುಕೊಂಡೇ ಹೋರಾಡಬೇಕು. ಇದು ಬದಲಾಗಲೇಬೇಕು.

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು "ಅಮೆರಿಕಾದಾಗ ಕೇಕ್ ಅಂಗಡಿಯವನು ಗೆದ್ದಾನ, ಧರ್ಮ ಅವರವರ ಹಕ್ಕು" ಅಂತ ಹಾಕಿದರು. ಗಂಡು ಜೋಡಿಯೊಂದರ ಮದುವೆಗೆ ಕೇಕ್ ಮಾಡಿಕೊಡಲ್ಲ ಅಂದಿದ್ದವನು ಅವನು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ಹೌದು. ಆದರೆ ವಿಚಾರಣೆ ಮಾಡಿದ ಅಲ್ಲಿನ ರಾಜ್ಯದ ಆಯೋಗ ಅವನ ನಂಬಿಕೆಯನ್ನು ಹೀನಾಯವಾಗಿ ಕಂಡಿತು ಅನ್ನುವ ಕಾರಣಕ್ಕೆ ಗೆದ್ದ. ಧರ್ಮದ ಹೆಸರಲ್ಲಿ ಯಾವ ಅಂಗಡಿಯವರು ಬೇಕಾದರೂ ಗಿರಾಕಿಯನ್ನು ಹೊರಗೆ ಕಳಿಸಬಹುದು ಅಂತ ಆ ತೀರ್ಪು ಹೇಳಿಲ್ಲ. ನಮ್ಮ ಸಂವಿಧಾನದ 25ನೇ ವಿಧಿ ಕೊಡುವ ಧರ್ಮದ ಸ್ವಾತಂತ್ರ್ಯವೂ ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟೇ ಇದೆ.

ನಂಬಿಕೆ ಇರುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯೂ ದೇವರ ಮನೆಯೇ. ಯಾರೋ ಸ್ವಾಮಿಗಳು, ಮೌಲ್ವಿಗಳು, ಪಾದ್ರಿಗಳು "ಈ ವಿಧಿ ನಮ್ಮ ಕೈಲಿ ಆಗಲ್ಲ" ಅಂದರೆ ನಾನು ಒತ್ತಾಯ ಮಾಡುವವಳಲ್ಲ. ಆದರೆ ಬೋರ್ಡ್ ಹಾಕಿ, ರೇಟ್ ಹೇಳಿ, ಊರಿಗೆಲ್ಲ ಬಾಡಿಗೆಗೆ ಕೊಡುವ ಹಾಲ್ ಪೂಜೆಯ ಕೋಣೆಯಲ್ಲ. ಅಲ್ಲಿ ನಾವು ಕೇಳಿದ್ದು ಬಾಡಿಗೆಗೆ ಜಾಗ. ಅವರ ಆಶೀರ್ವಾದ ಕೇಳಿರಲಿಲ್ಲ.

ನಮ್ಮ ಅವ್ವ ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗುತ್ತಾಳೆ. ಅಲ್ಲಿ ಯಲ್ಲಮ್ಮನ ಸೇವೆಗೆ ನಿಂತ, ನನ್ನ ತಂಗಿಯಂಥವರೇ ಆದ ಜೋಗಪ್ಪಗಳು ತಲೆ ಮೇಲೆ ಕೊಡ ಹೊತ್ತು, ಚೌಡಿಕೆ ಬಾರಿಸುತ್ತಾ ಬಂದರೆ ಮಂದಿ ಕಾಲಿಗೆ ಬೀಳುತ್ತಾರೆ, ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಜೋಗತಿ ಕುಣಿತದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಅವ್ವ ಟೀವಿ ಮುಂದೆ ಕಣ್ಣೀರು ಹಾಕಿದ್ದಳು. ಹಾಲ್‌ನವರ ಮಾತು ಕೇಳಿ ಅವಳು ಹೆಚ್ಚೇನೂ ಅನ್ನಲಿಲ್ಲ. "ಗುಡ್ಡದಾಗ ಕಾಲಿಗೆ ಬೀಳೂದು, ಊರಾಗ ಬಾಗಿಲಾ ಹಾಕೂದು. ಇದ್ಯಾವ ಧರ್ಮ ಯವ್ವಾ?" ಅಂದು ಒಳಗೆ ಹೋದಳು.

ನಿಮಗೆ ಹೀಗಾದರೆ ಅಲ್ಲೇ ಸಹಿ ಹಾಕಬೇಡಿ. "ನಗದು ಬೇಡ, ಯಾವ ಖಾತೆಯಿಂದ ಬಂತೋ ಅದಕ್ಕೇ ಹಾಕಿ" ಅನ್ನಿ. ಸಹಿ ಹಾಕಲೇಬೇಕಾಗಿ ಬಂದರೆ "ಮಾಲೀಕರೇ ರದ್ದು ಮಾಡಿದ್ದಾರೆ" ಅಂತ ನಿಮ್ಮ ಕೈಯಾರೆ ಬರೆದು ಹಾಕಿ. ಹೊರಗೆ ಬಂದ ಕೂಡಲೇ ಅವರ ನಂಬರಿಗೆ ಮೆಸೇಜ್ ಕಳಿಸಿ: ಇಂಥ ದಿನ, ಇಂಥ ಕಾರಣ ಹೇಳಿ ನಮ್ಮ ಬುಕಿಂಗ್ ತೆಗೆದಿರಿ, ಅಂತ. ಉತ್ತರ ಬಂದರೂ ಬರದಿದ್ದರೂ ಆ ಮೆಸೇಜ್ ನಿಮ್ಮ ಹತ್ತಿರ ಉಳಿಯುತ್ತದೆ. ಜೊತೆಗೆ ಹೋದವರು ನನ್ನ ಹಾಗೆ ಸುಮ್ಮನೆ ಕೂರಬೇಡಿ. ಓದದೆ ಸಹಿ ಹಾಕಲು ಬಿಡಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ.

ಇನ್ನು ಮುಂದೆ ಬುಕ್ ಮಾಡುವಾಗಲೇ ಎಲ್ಲ ಹೇಳಿಬಿಡೋಣ ಅಂತ ನಾನು ತಂಗಿಗೆ ಹೇಳಿದೆ. ಅವಳಿಗೆ ಬಹಳ ನೋವಾಯಿತು. "ನೀ ಹಾಲ್ ಹಿಡಿಯೋ ಮುಂದ ನೀ ಯಾರಂತ ಹೇಳಿ ಅಪ್ಪಣೆ ಕೇಳ್ತೀ ಏನಕ್ಕಾ?" ಅಂದಳು. ಅವಳು ಹೇಳಿದ್ದೇ ಸರಿ.

ಕುಬಸ ನಮ್ಮ ಓಣಿಯಲ್ಲೇ ಪೆಂಡಾಲ್ ಹಾಕಿ ಮಾಡಿದೆವು. ಪಕ್ಕದ ಮನೆಯವರು ಅವತ್ತು ಮಗ್ಗ ನಿಲ್ಲಿಸಿದರು. ಹಸಿರು ಸೀರೆ ಉಟ್ಟು ಕೂತ ಮಗಳು "ಮೊದಲ ಚಿಗವ್ವ ಉಡಿ ತುಂಬಲಿ" ಅಂದಳು. ತೊಟ್ಟಿಲ ಕಾರ್ಯಕ್ಕೆ ಬೇರೆ ಹಾಲ್ ನೋಡಿದ್ದೇವೆ. ರಸೀದಿ ತಂಗಿಯ ಹೆಸರಿನಲ್ಲೇ ಇದೆ.